‘ಇಲ್ಲ’ ಎಂಬ ಉತ್ತರಕ್ಕೂ ಮುದ್ರೆಯಿಲ್ಲದ ಕಚೇರಿ: ಕಾಫ್ಕಾನ ‘ದಿ ಕ್ಯಾಸಲ್’, ಮಾರ್ಕ್ ಹಾರ್ಮನ್ ಅನುವಾದದಲ್ಲಿ

ಅರ್ಜಿ, ಕಡತ, ಸಹಿ, ಮುದ್ರೆಗಳ ನಡುವೆ ಸಿಕ್ಕಿಬಿದ್ದ ಮನುಷ್ಯನ ಪಾಡನ್ನು ಯಾರು ವರ್ಣಿಸಿದರೂ ಮಾತು ಕೊನೆಗೆ ಜರ್ಮನ್ ಭಾಷೆಯಲ್ಲಿ ಬರೆದ ಪ್ರಾಗ್‌ನ ಲೇಖಕ ಫ್ರಾಂಜ್ ಕಾಫ್ಕಾನ ಹೆಸರಿಗೆ ಬಂದು ನಿಲ್ಲುವುದು ವಾಡಿಕೆಯಾಗಿಬಿಟ್ಟಿದೆ. ಈ ವಾಡಿಕೆಯಿಂದ ಅವನಿಗೆ ಹೆಸರು ಬಂದಿದೆ, ಓದುಗರಿಗೆ ನಷ್ಟವಾಗಿದೆ. ಏಕೆಂದರೆ ಅವನ ಕಾದಂಬರಿಗಳಲ್ಲಿ ಇರುವುದು ಮುಖವಿಲ್ಲದ, ದಯೆಯಿಲ್ಲದ, ಬಾಗಿಲು ಹಾಕಿಕೊಂಡು ಕುಳಿತ ಒಂದು ಯಂತ್ರವೆಂದು ಪುಸ್ತಕ ತೆರೆಯುವ ಮೊದಲೇ ನಾವು ತೀರ್ಮಾನಿಸಿಕೊಂಡಿರುತ್ತೇವೆ. ‘ದಿ ಕ್ಯಾಸಲ್’ ಅಂಥ ತೀರ್ಮಾನಕ್ಕೆ ಒಗ್ಗದ ಪುಸ್ತಕ. ಇಲ್ಲಿನ ಅಧಿಕಾರಿಗಳು ಸಭ್ಯರು, ಮಾತಿನಲ್ಲಿ ಉದಾರಿಗಳು, ಕೆಲಸದ ಭಾರದಿಂದ ಬಸವಳಿದವರು. ಕಥಾನಾಯಕನನ್ನು ಯಾರೂ ಬಂಧಿಸುವುದಿಲ್ಲ, ಹೊಡೆಯುವುದಿಲ್ಲ, ಊರು ಬಿಟ್ಟು ಓಡಿಸುವುದೂ ಇಲ್ಲ. ಆದರೂ ಆಧುನಿಕ ಸಾಹಿತ್ಯದಲ್ಲಿ ಪರಕೀಯತೆಯನ್ನು ಇಷ್ಟು ಆಳಕ್ಕೆ ಅಗೆದ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ.

ಈ ವಿಮರ್ಶೆ ಮಾರ್ಕ್ ಹಾರ್ಮನ್ ಮಾಡಿದ, 1998ರಲ್ಲಿ ಶಾಕೆನ್ ಪ್ರಕಾಶನ ಹೊರತಂದ ಇಂಗ್ಲಿಷ್ ಅನುವಾದವನ್ನು ಕುರಿತದ್ದು. ಇದಕ್ಕೂ ಬಹಳ ಹಿಂದೆ, 1930ರಲ್ಲಿ, ವಿಲ್ಲಾ ಮತ್ತು ಎಡ್ವಿನ್ ಮ್ಯೂರ್ ದಂಪತಿಗಳ ಅನುವಾದ ಬಂದಿತ್ತು. ಹಲವು ದಶಕಗಳ ಕಾಲ ಇಂಗ್ಲಿಷಿನ ಮೂಲಕ ಕಾಫ್ಕಾನನ್ನು ಓದಿದವರೆಲ್ಲ ಓದಿದ್ದು ಅದನ್ನೇ. ನಾನೂ ಮೊದಲು ಓದಿದ್ದು ಅದನ್ನೇ, ಮತ್ತು ತುಂಬ ಗಂಭೀರವಾಗಿ, ದೇವಸ್ಥಾನದ ಗರ್ಭಗುಡಿಯ ಮುಂದೆ ನಿಂತವರಂತೆ ಓದಿದ್ದೆ. ಹಾರ್ಮನ್ ಅನುವಾದ ಕೈಗೆ ಬಂದ ಮೇಲೆಯೇ ಈ ಕಾದಂಬರಿಯಲ್ಲಿ ನಗುವಿಗೆ ಎಷ್ಟು ಜಾಗವಿದೆ ಎಂಬುದು ನನ್ನ ಗಮನಕ್ಕೆ ಬಂದದ್ದು. ‘ದಿ ಟ್ರಯಲ್’ ಕಾದಂಬರಿಯ ಮೊದಲ ಅಧ್ಯಾಯವನ್ನು ಗೆಳೆಯರಿಗೆ ಓದಿ ಹೇಳುವಾಗ ಕಾಫ್ಕಾ ಮುಂದೆ ಓದಲಾರದಷ್ಟು ನಗುತ್ತಿದ್ದನೆಂದು ಅವನ ಗೆಳೆಯ ಮಾಕ್ಸ್ ಬ್ರೋಡ್ ದಾಖಲಿಸಿದ್ದಾನೆ. ಆ ನಗುವನ್ನು ಕೇಳಿಸಿಕೊಳ್ಳದೆ ಓದಿದರೆ ಈ ಪುಸ್ತಕ ಅರ್ಧ ಮಾತ್ರ ಓದಿದಂತೆ.

ಕಥೆಯ ಎಳೆ ಬಹಳ ಸಣ್ಣದು. ಹಿಮ ದಟ್ಟವಾಗಿ ಬಿದ್ದ ಒಂದು ರಾತ್ರಿ ಕೆ. ಎಂಬಾತ ಒಂದು ಹಳ್ಳಿಗೆ ಬರುತ್ತಾನೆ. ಮೇಲಿನ ಗುಡ್ಡದಲ್ಲಿ ಕೋಟೆಯಿದೆ, ಆದರೆ ಮಂಜು ಮತ್ತು ಕತ್ತಲೆಯಲ್ಲಿ ಅದರ ಒಂದು ದೀಪವೂ ಕಾಣುವುದಿಲ್ಲ. ಮರದ ಸೇತುವೆಯ ಮೇಲೆ ನಿಂತು ಅವನು ಆ ಬರಿದಾದ ಎತ್ತರವನ್ನು ಬಹಳ ಹೊತ್ತು ನೋಡುತ್ತಾನೆ. ತಾನು ಕೋಟೆಯವರು ನೇಮಿಸಿಕೊಂಡ ಭೂಮಾಪಕನೆಂದು ಅವನು ಹೇಳಿಕೊಳ್ಳುತ್ತಾನೆ. ವಸತಿಗೃಹದಿಂದ ಕೋಟೆಗೆ ಫೋನು ಮಾಡಿ ಕೇಳಿದಾಗ ಮೊದಲು ಅಂಥ ನೇಮಕವೇ ಇಲ್ಲವೆಂಬ ಉತ್ತರ ಬರುತ್ತದೆ. ಕೆಲವೇ ಕ್ಷಣಗಳಲ್ಲಿ ಮತ್ತೆ ಫೋನು ಬಂದು, ಹೌದು, ಅವನು ಭೂಮಾಪಕನೇ ಎನ್ನುತ್ತದೆ. ಅಲ್ಲಿಂದ ಮುಂದೆ ಒಂದು ವಾರಕ್ಕೂ ಕಡಿಮೆ ಅವಧಿಯಲ್ಲಿ ನಡೆಯುವುದೆಲ್ಲ ಈ ಒಂದು ಹೌದು ನಿಜವೇ ಎಂದು ಖಚಿತಪಡಿಸಿಕೊಳ್ಳಲು ಅವನು ಪಡುವ ಪಾಡು. ಇಪ್ಪತ್ತೈದು ಅಧ್ಯಾಯಗಳು ಮುಗಿದರೂ ಅವನು ಒಂದು ಗೇಣು ನೆಲವನ್ನೂ ಅಳೆಯುವುದಿಲ್ಲ.

‘ಇಲ್ಲ’ ಎಂಬ ಮಾತು ಈ ಕಾದಂಬರಿಯಲ್ಲಿ ಪಡುವ ಗತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಕಾಫ್ಕಾನ ಪ್ರತಿಭೆ ಇರುವುದು ಅಲ್ಲಿ. ತನ್ನ ಯಜಮಾನರು ಕೋಟೆಗೆ ಯಾವಾಗ ಬರಬಹುದೆಂದು ಕೆ. ತಾನು ಭೂಮಾಪಕನ ಸಹಾಯಕನೆಂದು ಹೇಳಿಕೊಂಡು ಫೋನಿನಲ್ಲಿ ಕೇಳುತ್ತಾನೆ. ಎಂದಿಗೂ ಇಲ್ಲ ಎಂಬ ಒಂದೇ ಪದದ ಉತ್ತರ ಬರುತ್ತದೆ. ಇದಕ್ಕಿಂತ ಸ್ಪಷ್ಟವಾದ ನಿರಾಕರಣೆ ಬೇಕೆ? ಬೇರೆ ಯಾವ ಲೇಖಕನಾದರೂ ಇಲ್ಲಿ ಬಾಗಿಲು ಮುಚ್ಚಿ, ಮುಚ್ಚಿದ ಬಾಗಿಲಿನ ಮುಂದೆ ಮನುಷ್ಯನನ್ನು ಕೂರಿಸಿ, ದುರಂತವನ್ನು ಬರೆಯುತ್ತಿದ್ದ. ಕಾಫ್ಕಾ ಹಾಗೆ ಮಾಡುವುದಿಲ್ಲ. ಕೆಲವು ಅಧ್ಯಾಯಗಳ ನಂತರ ಹಳ್ಳಿಯ ಮುಖ್ಯಸ್ಥನ ಬಾಯಿಂದ ನಮಗೆ ತಿಳಿಯುವುದೇನೆಂದರೆ, ಹಳ್ಳಿಗೂ ಕೋಟೆಗೂ ನಡುವೆ ನಿಗದಿತ ದೂರವಾಣಿ ಸಂಪರ್ಕವೇ ಇಲ್ಲ. ಇಲ್ಲಿಂದ ಕರೆ ಮಾಡಿದರೆ ಅಲ್ಲಿನ ಕೆಳದರ್ಜೆಯ ವಿಭಾಗಗಳ ಫೋನುಗಳೆಲ್ಲ ಒಟ್ಟಿಗೆ ಬಾರಿಸಬೇಕು, ಆದರೆ ಹೆಚ್ಚಿನವುಗಳ ಗಂಟೆಯನ್ನು ಮೊದಲೇ ಕಳಚಿಟ್ಟಿರುತ್ತಾರೆ. ಯಾವಾಗಲೋ ಒಮ್ಮೆ, ಅದೂ ರಾತ್ರಿಯ ಹೊತ್ತು, ದಣಿದ ಅಧಿಕಾರಿಯೊಬ್ಬನಿಗೆ ಬೇಸರ ಕಳೆಯಬೇಕೆನಿಸಿದರೆ ಗಂಟೆಯನ್ನು ಮತ್ತೆ ಜೋಡಿಸಿಕೊಳ್ಳುತ್ತಾನೆ, ಆಗ ಉತ್ತರ ಬರುತ್ತದೆ, ಆ ಉತ್ತರ ಬರೀ ತಮಾಷೆ. ಫೋನಿನಲ್ಲಿ ಕೇಳಿಬರುವ ಗುಂಯ್‌ಗುಟ್ಟುವ ಹಾಡಿನಂಥ ಸದ್ದೊಂದೇ ನಂಬತಕ್ಕದ್ದಂತೆ. ಹಾಗಾದರೆ ಆ ಉತ್ತರಗಳಿಗೆ ಬೆಲೆಯಿಲ್ಲವೆಂದು ಕೆ. ಸಮಾಧಾನಪಟ್ಟುಕೊಳ್ಳಲು ಹೊರಟರೆ, ಮುಖ್ಯಸ್ಥ ತಕ್ಷಣ ತಡೆಯುತ್ತಾನೆ: ಅಧಿಕೃತ ಬೆಲೆಯಿಲ್ಲ ಅಷ್ಟೆ, ಖಾಸಗಿ ಬೆಲೆ ಬಹಳ ದೊಡ್ಡದು, ಎಷ್ಟೋ ಸಲ ಅಧಿಕೃತ ಬೆಲೆಗಿಂತ ಹೆಚ್ಚಿನದು.

ಅಂದರೆ ಕೆ.ಗೆ ಸಿಕ್ಕ ನಿರಾಕರಣೆಯನ್ನೂ ಅವನಿಂದ ಕಸಿದುಕೊಂಡಾಯಿತು. ತಿರಸ್ಕೃತನಾದವನಿಗೆ ತನ್ನ ತಿರಸ್ಕಾರವಾದರೂ ಸ್ವಂತದ್ದಾಗಿರುತ್ತದೆ. ಅದನ್ನು ಹಿಡಿದುಕೊಂಡು ಅವನು ಜಗಳವಾಡಬಹುದು, ಅಳಬಹುದು, ಬೇರೆ ಊರಿಗೆ ಹೋಗಬಹುದು. ಇಲ್ಲಿ ಹೌದು ಎಂಬುದೂ ಇಲ್ಲ ಎಂಬುದೂ ಒಂದೇ ರೀತಿಯ ಮಂಜಿನಲ್ಲಿ ಕರಗುತ್ತವೆ. ಪರಕೀಯತೆಯನ್ನು ಹೊರಗೆ ಹಾಕಲ್ಪಟ್ಟವನ ನೋವೆಂದು ಬರೆದ ಕಾದಂಬರಿಗಳು ಬಹಳ ಇವೆ. ಹೊರಗೂ ಹಾಕದೆ ಒಳಗೂ ಬಿಡದೆ, ಸದಾ ‘ಪರಿಶೀಲನೆಯಲ್ಲಿದೆ’ ಎಂಬ ಸ್ಥಿತಿಯಲ್ಲಿ ಇರಿಸಿದ ಮನುಷ್ಯನ ಕಥೆ ಇದು.

ಐದನೆಯ ಅಧ್ಯಾಯದಲ್ಲಿ ಬರುವ ಆ ಮುಖ್ಯಸ್ಥನ ಭೇಟಿ ಕಾದಂಬರಿಯ ಅತ್ಯಂತ ಹಾಸ್ಯಮಯ ಭಾಗ. ಸಂಧಿವಾತದಿಂದ ಹಾಸಿಗೆ ಹಿಡಿದಿರುವ ಈ ಸ್ಥೂಲ, ಸ್ನೇಹಪರ ಮನುಷ್ಯ ಕೆ.ಗೆ ಅವನ ನೇಮಕದ ಚರಿತ್ರೆಯನ್ನು ಹೇಳುತ್ತಾನೆ. ಬಹಳ ವರ್ಷಗಳ ಹಿಂದೆ ಭೂಮಾಪಕನೊಬ್ಬನನ್ನು ಕರೆಸಬೇಕೆಂಬ ಆದೇಶ ಬಂದಿತ್ತು. ನಮಗೆ ಭೂಮಾಪಕನ ಅಗತ್ಯವಿಲ್ಲವೆಂದು ಹಳ್ಳಿಯವರು ಉತ್ತರ ಕಳಿಸಿದರು. ಆ ಉತ್ತರ ಹೋಗಬೇಕಾದ ವಿಭಾಗಕ್ಕೆ ಹೋಗದೆ ಇನ್ನೊಂದು ವಿಭಾಗಕ್ಕೆ ಹೋಯಿತು, ಅದೂ ಒಳಗಿನ ಕಾಗದಗಳೆಲ್ಲ ಕಳೆದುಹೋಗಿ ಬರೀ ಹೊದಿಕೆ ಮಾತ್ರ. ಆ ವಿಭಾಗದಲ್ಲಿದ್ದವನು ಕರ್ತವ್ಯನಿಷ್ಠೆಗೆ ಹೆಸರಾದ ಸೊರ್ಡೀನಿ. ಅವನ ಕೋಣೆಯ ಗೋಡೆಗಳಿಗೆ ಒತ್ತಾಗಿ ಕಡತದ ಕಂತೆಗಳನ್ನು ಕಂಬಗಳಂತೆ ಪೇರಿಸಿರುತ್ತಾರೆ, ಅವಸರದಲ್ಲಿ ಎಳೆಯುವುದು, ತುರುಕುವುದು ನಡೆದೇ ಇರುವುದರಿಂದ ಆ ಕಂಬಗಳು ಒಂದರ ಹಿಂದೊಂದು ಉರುಳುತ್ತಲೇ ಇರುತ್ತವೆ, ಆ ಉರುಳುವ ಸದ್ದೇ ಅವನ ಕಚೇರಿಯ ಗುರುತು. ತಪ್ಪು ನಡೆಯಬಹುದೆಂಬ ಸಾಧ್ಯತೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಈ ಆಡಳಿತದ ಮೂಲ ನಿಯಮಗಳಲ್ಲಿ ಒಂದು. ತಪಾಸಣೆಯ ವಿಭಾಗಗಳಿವೆಯೇ ಎಂದರೆ, ಇರುವವೆಲ್ಲ ತಪಾಸಣೆಯ ವಿಭಾಗಗಳೇ ಎಂಬ ಉತ್ತರ. ಇಷ್ಟು ಹೊತ್ತೂ ಹಿನ್ನೆಲೆಯಲ್ಲಿ ಮುಖ್ಯಸ್ಥನ ಹೆಂಡತಿ ಮಿಟ್ಸಿ ಬೀರುವಿನಿಂದ ಆ ಹಳೆಯ ಆದೇಶವನ್ನು ಹುಡುಕುತ್ತಿರುತ್ತಾಳೆ. ಕಾಗದಗಳು ಕೋಣೆಯ ತುಂಬ ಹರಡಿ, ಮತ್ತೆ ಒಳಗೆ ಹಿಡಿಸದೆ, ಕೊನೆಗೆ ಕೆ.ಯ ಇಬ್ಬರು ಸಹಾಯಕರು ಬೀರುವನ್ನೇ ನೆಲಕ್ಕೆ ಮಲಗಿಸಿ, ಎಲ್ಲವನ್ನೂ ತುಂಬಿ, ಬಾಗಿಲ ಮೇಲೆ ಕುಳಿತು ಒತ್ತುತ್ತಾರೆ. ಒಂದು ಮನುಷ್ಯಜೀವದ ಆಧಾರವಾಗಿದ್ದ ಕಾಗದ ಅದರೊಳಗೆ ಎಲ್ಲೋ ಇದೆ.

ಇದೇ ಸಂಭಾಷಣೆಯಲ್ಲಿ ಇನ್ನೊಂದು ಮಾತು ಬರುತ್ತದೆ. ಅದನ್ನು ಓದುವಾಗ ನಗು ಅರ್ಧಕ್ಕೇ ನಿಲ್ಲುತ್ತದೆ. ಬಹುಕಾಲ ತೂಗಾಡಿದ ಪ್ರಕರಣವೊಂದು ಕೆಲವೊಮ್ಮೆ ಯಾರೂ ಊಹಿಸದ ಕಡೆಯಿಂದ, ಮಿಂಚಿನಂತೆ ಇತ್ಯರ್ಥವಾಗಿಬಿಡುತ್ತದೆ. ಆ ತೀರ್ಮಾನವನ್ನು ಯಾವ ಅಧಿಕಾರಿ, ಯಾವ ಕಾರಣಕ್ಕೆ ತೆಗೆದುಕೊಂಡನೆಂಬುದು ಆಮೇಲೆ ಪತ್ತೆಯಾಗುವುದಿಲ್ಲ. ಎಷ್ಟೋ ವರ್ಷಗಳ ಬಿಗುವನ್ನು ತಾಳಲಾರದೆ ಆಡಳಿತಯಂತ್ರವೇ ಅಧಿಕಾರಿಗಳ ನೆರವಿಲ್ಲದೆ ತಾನಾಗಿ ತೀರ್ಮಾನಿಸಿದಂತೆ ಇರುತ್ತದೆ ಎಂದು ಮುಖ್ಯಸ್ಥ ಮೆಚ್ಚುಗೆಯಿಂದಲೇ ವರ್ಣಿಸುತ್ತಾನೆ. ಜರ್ಮನ್ ಸಮಾಜಶಾಸ್ತ್ರಜ್ಞ ಮಾಕ್ಸ್ ವೇಬರ್ ಅಧಿಕಾರಶಾಹಿಯನ್ನು ಲಿಖಿತ ಕಡತ, ನಿಗದಿತ ಕಾರ್ಯವ್ಯಾಪ್ತಿ, ಶ್ರೇಣೀಕೃತ ಮೇಲ್ವಿಚಾರಣೆಗಳ ವ್ಯವಸ್ಥೆಯೆಂದು ವಿವರಿಸಿದ ‘ಅರ್ಥವ್ಯವಸ್ಥೆ ಮತ್ತು ಸಮಾಜ’ ಎಂಬ ಗ್ರಂಥ ಅವನ ಮರಣಾನಂತರ ಪೂರ್ತಿಯಾಗಿ ಹೊರಬಂದದ್ದೂ, ಕಾಫ್ಕಾ ಈ ಕಾದಂಬರಿಯನ್ನು ಬರೆದದ್ದೂ 1922ರಲ್ಲಿ. ವೇಬರನ ತಮ್ಮ ಆಲ್ಫ್ರೆಡ್ ವೇಬರ್ ಪ್ರಾಗ್‌ನಲ್ಲಿ ಪ್ರಾಧ್ಯಾಪಕನಾಗಿದ್ದು, 1906ರಲ್ಲಿ ಕಾಫ್ಕಾನಿಗೆ ಕಾನೂನಿನ ಡಾಕ್ಟರೇಟ್ ಪ್ರದಾನವಾದಾಗ ಅದನ್ನು ನೆರವೇರಿಸಿದವನು. ಸಮಾಜಶಾಸ್ತ್ರಜ್ಞರು ಹೊರಗಿನಿಂದ ಬರೆದ ನಕ್ಷೆಯ ಒಳಗೆ, ಕತ್ತಲಲ್ಲಿ ಗೋಡೆ ತಡವುತ್ತ ನಡೆಯುವವನಿಗೆ ಏನಾಗುತ್ತದೆ ಎಂಬುದು ಕಾಫ್ಕಾನ ವಿಷಯ.

ಅವನಿಗೆ ಅದು ತಿಳಿದಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಅವನ ಉದ್ಯೋಗದಲ್ಲಿದೆ. 1908ರಿಂದ 1922ರವರೆಗೆ ಅವನು ಪ್ರಾಗ್‌ನಲ್ಲಿ ಬೊಹೀಮಿಯಾ ಪ್ರಾಂತ್ಯದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದ. ಕಾರ್ಖಾನೆಗಳನ್ನು ಅಪಾಯದ ಶ್ರೇಣಿಗಳಿಗೆ ಸೇರಿಸುವುದು, ಅದನ್ನು ಪ್ರಶ್ನಿಸಿ ಮಾಲೀಕರು ಸಲ್ಲಿಸಿದ ಮೇಲ್ಮನವಿಗಳಿಗೆ ಉತ್ತರ ಬರೆಯುವುದು ಅವನ ದಿನನಿತ್ಯದ ಕೆಲಸ. ಮರ ಹೆರೆಯುವ ಯಂತ್ರಗಳ ಚೌಕಾಕಾರದ ಅಲಗುದಂಡ ಬೆರಳುಗಳನ್ನು ಹೇಗೆ ಕತ್ತರಿಸುತ್ತದೆ, ಅದರ ಬದಲು ದುಂಡನೆಯ ದಂಡ ಹಾಕಿದರೆ ಅಪಾಯ ಹೇಗೆ ಕಡಿಮೆಯಾಗುತ್ತದೆ ಎಂದು ಅವನು ಚಿತ್ರಸಮೇತ ಬರೆದ ವರದಿ ಇಂದಿಗೂ ಓದಲು ಸಿಗುತ್ತದೆ, ಮತ್ತು ಅದು ಸ್ಪಷ್ಟತೆಗೆ ಮಾದರಿ. ಕಾಫ್ಕಾ ಕಿಟಕಿಯ ಹೊರಗೆ ಅರ್ಜಿ ಹಿಡಿದು ನಿಂತವನ ಕಣ್ಣಿನಿಂದ ಮಾತ್ರ ಬರೆದವನಲ್ಲ. ಮೇಜಿನ ಆ ಕಡೆ ಹದಿನಾಲ್ಕು ವರ್ಷ ಕುಳಿತವನು. ಕಾದಂಬರಿಯ ಅಧಿಕಾರಿಗಳಲ್ಲಿ ಯಾರೂ ರಾಕ್ಷಸರಾಗದಿರುವುದಕ್ಕೆ, ಎಲ್ಲರೂ ನಿದ್ದೆಗೆಟ್ಟು, ಹಾಸಿಗೆಯಲ್ಲಿ ಮಲಗಿಕೊಂಡೇ ಕಡತ ನೋಡುವಷ್ಟು ಬಳಲಿರುವುದಕ್ಕೆ ಇದೇ ಕಾರಣವಿರಬೇಕು.

ಬರವಣಿಗೆಯ ಸಂದರ್ಭವೂ ಕಾದಂಬರಿಯ ಒಳಗಿನಿಂದಲೇ ಎದ್ದು ಬಂದಂತಿದೆ. 1922ರ ಜನವರಿ ಕೊನೆಯಲ್ಲಿ, ಕ್ಷಯದಿಂದ ಬಳಲುತ್ತಿದ್ದ ಕಾಫ್ಕಾ ಷ್ಪಿಂಡೆಲ್‌ಮ್ಯೂಲೆ ಎಂಬ ಬೆಟ್ಟದೂರಿನ ಹೋಟೆಲಿಗೆ ಬಂದಿಳಿದಾಗ, ತಾನು ಹೆಸರನ್ನು ಸ್ಪಷ್ಟವಾಗಿ ಬರೆದು ಕಳಿಸಿದ್ದರೂ ಅಲ್ಲಿನವರು ಪಟ್ಟಿಯಲ್ಲಿ ಯೋಸೆಫ್ ಕಾಫ್ಕಾ ಎಂದು ನಮೂದಿಸಿದ್ದನ್ನು ಕಂಡು, ಅವರಿಗೆ ತಾನು ತಿಳಿಹೇಳಬೇಕೋ ಅವರಿಂದ ತಾನು ತಿಳಿದುಕೊಳ್ಳಬೇಕೋ ಎಂದು ದಿನಚರಿಯಲ್ಲಿ ಬರೆದುಕೊಂಡ. ಯೋಸೆಫ್ ಕೆ. ಎಂಬುದು 1914ರಲ್ಲಿ ಅವನೇ ಬರೆಯಲು ತೊಡಗಿದ ‘ದಿ ಟ್ರಯಲ್’ ಕಾದಂಬರಿಯ ನಾಯಕನ ಹೆಸರು. ಹೊಸ ಕಾದಂಬರಿಯನ್ನು ಮೊದಲು ‘ನಾನು’ ಎಂದು ಆರಂಭಿಸಿ, ಮೂರನೆಯ ಅಧ್ಯಾಯದಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ ಎಲ್ಲ ‘ನಾನು’ಗಳನ್ನೂ ಹೊಡೆದುಹಾಕಿ ‘ಕೆ.’ ಎಂದು ತಿದ್ದಿದ. ಅದೇ ವರ್ಷ ಜುಲೈ 1ರಿಂದ ಸಂಸ್ಥೆ ಅವನಿಗೆ ನಿವೃತ್ತಿ ನೀಡಿತು, ಅಂದರೆ ಕೆ.ಯ ಕಡತ ಕಾದಂಬರಿಯಲ್ಲಿ ಅಲೆಯುತ್ತಿದ್ದ ತಿಂಗಳುಗಳಲ್ಲೇ ಕಾಫ್ಕಾನ ಕಡತ ಅವನ ಕಚೇರಿಯಲ್ಲಿ ಸಾಗುತ್ತಿತ್ತು. ಸೆಪ್ಟೆಂಬರಿನಲ್ಲಿ ಈ ಕಥೆಯನ್ನು ಶಾಶ್ವತವಾಗಿ ಕೈಬಿಡಬೇಕಾಗಿದೆ ಎಂದು ಬ್ರೋಡ್‌ಗೆ ಪತ್ರ ಬರೆದ. 1924ರಲ್ಲಿ ತೀರಿಕೊಂಡ. ಸುಟ್ಟುಹಾಕಬೇಕೆಂದು ಹೇಳಿಹೋಗಿದ್ದ ಹಸ್ತಪ್ರತಿಗಳನ್ನು ಬ್ರೋಡ್ ಸುಡದೆ 1926ರಲ್ಲಿ ಇದನ್ನು ಪ್ರಕಟಿಸಿದ. ಆ ಕಥೆ ಎಲ್ಲರಿಗೂ ಗೊತ್ತಿರುವುದೇ.

ಇನ್ನು ಕೆ.ಯ ವಿಚಾರ. ಇವನನ್ನು ವ್ಯವಸ್ಥೆಯ ಮುಗ್ಧ ಬಲಿಪಶುವೆಂದು ಓದುವುದು ಸುಲಭ, ಆದರೆ ಪಠ್ಯ ಅದಕ್ಕೆ ಒಪ್ಪುವುದಿಲ್ಲ. ಅವನ ಕೈಯಲ್ಲಿ ಅಳತೆಯ ಉಪಕರಣಗಳಿಲ್ಲ. ಹಿಂದೆ ಬರುತ್ತಾರೆಂದು ಹೇಳಿದ್ದ ಹಳೆಯ ಸಹಾಯಕರು ಬರುವುದೇ ಇಲ್ಲ. ಅವರ ಬದಲು ಬಂದ ಆರ್ಟುರ್ ಮತ್ತು ಯೆರೆಮಿಯಾಸ್‌ಗೆ ಮೋಜಣಿಯ ಗಂಧವೂ ಗೊತ್ತಿಲ್ಲ, ಮತ್ತು ಅವರನ್ನು ಬೇರೆಬೇರೆಯಾಗಿ ಗುರುತಿಸುವ ಶ್ರಮ ಬೇಡವೆಂದು ಕೆ. ಇಬ್ಬರನ್ನೂ ಆರ್ಟುರ್ ಎಂದೇ ಕರೆಯುತ್ತೇನೆ ಎನ್ನುತ್ತಾನೆ. ಮನುಷ್ಯರನ್ನು ಒಂದೇ ಹೆಸರಿನ ಅಡಿಯಲ್ಲಿ ದಾಖಲಿಸುವ ಈ ಮೊದಲ ಅಧಿಕಾರಶಾಹಿ ಕೃತ್ಯ ನಾಯಕನದೇ ಎಂಬುದನ್ನು ಹೆಚ್ಚಿನ ವಿಮರ್ಶೆಗಳು ಗಮನಿಸದೆ ದಾಟಿಹೋಗುತ್ತವೆ. ವಸತಿಗೃಹದಲ್ಲಿ ಮದ್ಯ ಹಂಚುವ ಫ್ರೀಡಾಳನ್ನು ಅವನು ಪ್ರೀತಿಸುತ್ತಾನೆ, ಆದರೆ ಅವಳು ಕ್ಲಾಮ್ ಎಂಬ ಹಿರಿಯ ಅಧಿಕಾರಿಯ ಪ್ರೇಯಸಿಯೆಂಬ ಕಾರಣಕ್ಕೇ ಪ್ರೀತಿಸಿದನೇ ಎಂಬ ಅನುಮಾನ ಹದಿನಾಲ್ಕನೆಯ ಅಧ್ಯಾಯದಲ್ಲಿ ಫ್ರೀಡಾಳ ಬಾಯಿಂದಲೇ ಆಕ್ಷೇಪವಾಗಿ ಬರುತ್ತದೆ. ಅದಕ್ಕೆ ಅವನ ಬಳಿ ಒಳ್ಳೆಯ ಉತ್ತರವಿಲ್ಲ. ‘ದಿ ಟ್ರಯಲ್’ ಕಾದಂಬರಿಯ ಯೋಸೆಫ್ ಕೆ.ಯನ್ನು ನ್ಯಾಯಾಲಯ ಹುಡುಕಿಕೊಂಡು ಮನೆಗೆ ಬರುತ್ತದೆ. ಇವನಾದರೋ ತಾನಾಗಿ ಕಚೇರಿಯನ್ನು ಹುಡುಕಿಕೊಂಡು ಬಂದವನು, ಅದರ ಮಾನ್ಯತೆಗಾಗಿ ಹಸಿದವನು.

ಆ ಹಸಿವಿನ ತುದಿ ಎಂಟನೆಯ ಅಧ್ಯಾಯದಲ್ಲಿದೆ. ಕ್ಲಾಮ್ ಹೊರಗೆ ಬರುವಾಗ ಹೇಗಾದರೂ ಎದುರಾಗಬೇಕೆಂದು ಕೆ. ಹಿಮ ತುಂಬಿದ ಅಂಗಳದಲ್ಲಿ, ಅವನ ಗಾಡಿಯ ಪಕ್ಕ ಕಾಯುತ್ತಾನೆ. ಒಳಗಿನಿಂದ ಬಂದ ಸಭ್ಯ ಗೃಹಸ್ಥನೊಬ್ಬ ತನ್ನೊಡನೆ ಬರಲು ಕರೆಯುತ್ತಾನೆ. ಬಂದರೆ ನಾನು ಕಾಯುತ್ತಿರುವವರು ತಪ್ಪಿಹೋಗುತ್ತಾರೆ ಎಂದರೆ, ಕಾದರೂ ತಪ್ಪುತ್ತಾರೆ, ಹೋದರೂ ತಪ್ಪುತ್ತಾರೆ ಎಂಬ ಉತ್ತರ. ಹಾಗಾದರೆ ಕಾಯುತ್ತಲೇ ತಪ್ಪಿಸಿಕೊಳ್ಳುತ್ತೇನೆ ಎಂದು ಅವನು ಹಟ ಹಿಡಿಯುತ್ತಾನೆ. ಕುದುರೆಗಳನ್ನು ಬಿಚ್ಚಿ ಒಳಗೆ ಕಟ್ಟುತ್ತಾರೆ, ಗಾಡಿಯನ್ನು ಹಿಂದಕ್ಕೆ ತಳ್ಳುತ್ತಾರೆ, ದೀಪಗಳು ಆರುತ್ತವೆ. ಈಗ ಅವನನ್ನು ಯಾರೂ ಅಲ್ಲಿಂದ ಎಬ್ಬಿಸಲಾರರು, ಮಾತಾಡಿಸಲೂ ಆರರು. ತಾನು ಹಿಂದೆಂದಿಗಿಂತ ಸ್ವತಂತ್ರನೆಂದು ಅವನಿಗೆ ಅನಿಸುತ್ತದೆ, ಅದೇ ಉಸಿರಿನಲ್ಲಿ ಈ ಸ್ವಾತಂತ್ರ್ಯಕ್ಕಿಂತ ಅರ್ಥಹೀನವಾದದ್ದು, ಹತಾಶವಾದದ್ದು ಬೇರೊಂದಿಲ್ಲವೆಂದೂ ಅನಿಸುತ್ತದೆ. ಸ್ವಾತಂತ್ರ್ಯವನ್ನು ಕುರಿತು ಅಸ್ತಿತ್ವವಾದಿಗಳು ಮುಂದೆ ಪುಟಗಟ್ಟಲೆ ಬರೆದದ್ದು ಇಲ್ಲಿ ಒಂದೇ ವಾಕ್ಯದಲ್ಲಿ, ಒಂದು ಖಾಲಿ ಅಂಗಳದಲ್ಲಿ ನಿಂತಿದೆ. ಮರುಕ್ಷಣದಲ್ಲೆಂಬಂತೆ ಕ್ಲಾಮ್‌ನಿಂದ ಅವನಿಗೆ ಪತ್ರ ಬರುತ್ತದೆ: ನೀವು ಈವರೆಗೆ ಮಾಡಿದ ಭೂಮಾಪನದ ಕೆಲಸ ನನಗೆ ಮೆಚ್ಚುಗೆಯಾಗಿದೆ. ಮಾಡದ ಕೆಲಸಕ್ಕೆ ಬಂದ ಈ ಪ್ರಶಂಸೆಯಷ್ಟು ಕ್ರೂರವಾದ ನಿಂದೆಯನ್ನು ಬರೆಯುವುದು ಸುಲಭವಲ್ಲ.

ಫ್ರೆಂಚ್ ಲೇಖಕ ಆಲ್ಬೇರ್ ಕಮೂ 1942ರ ‘ದಿ ಸ್ಟ್ರೇಂಜರ್’ ಕಾದಂಬರಿಯಲ್ಲಿ ನಾಯಕ ಮರ್ಸೋ ತಾಯಿಯ ಶವಸಂಸ್ಕಾರದಲ್ಲಿ ಅಳಲಿಲ್ಲವೆಂಬುದನ್ನೇ ದೊಡ್ಡದು ಮಾಡುವ ನ್ಯಾಯಾಲಯವನ್ನು ಚಿತ್ರಿಸುತ್ತಾನೆ; ಅಲ್ಲಿ ಅಸಂಗತವೆಂಬುದು ಮಧ್ಯಾಹ್ನದ ಬಿಸಿಲಿನಷ್ಟು ಸ್ಪಷ್ಟ, ಮರ್ಸೋಗೆ ಯಾವ ಮಾನ್ಯತೆಯೂ ಬೇಡ. ಕೆ.ಗೆ ಬೇಕು, ಅದಕ್ಕೇ ಅವನ ಪಾಡು ನಮಗೆ ಹೆಚ್ಚು ಹತ್ತಿರದ್ದೆನಿಸುತ್ತದೆ. ಅದೇ ವರ್ಷ ಪ್ರಕಟವಾದ ‘ದಿ ಮಿಥ್ ಆಫ್ ಸಿಸಿಫಸ್’ ಪುಸ್ತಕಕ್ಕಾಗಿ ಕಮೂ ಕಾಫ್ಕಾನ ಮೇಲೆ ಬರೆದಿದ್ದ ಭಾಗವನ್ನು, ಲೇಖಕ ಯಹೂದಿಯೆಂಬ ಕಾರಣಕ್ಕೆ ಜರ್ಮನ್ ಆಕ್ರಮಿತ ಫ್ರಾನ್ಸಿನ ಸೆನ್ಸಾರ್ ವ್ಯವಸ್ಥೆಯಡಿ ಮೊದಲ ಮುದ್ರಣದಿಂದ ಕೈಬಿಡಬೇಕಾಯಿತು. ನಂತರದ ಮುದ್ರಣಗಳಲ್ಲಿ ಅದು ಅನುಬಂಧವಾಗಿ ಸೇರಿತು. 1963ರ ಮೇ ತಿಂಗಳಲ್ಲಿ ಪ್ರಾಗ್ ಬಳಿಯ ಲಿಬ್ಲಿಸೆಯಲ್ಲಿ ಎಡ್ವರ್ಡ್ ಗೋಲ್ಡ್‌ಸ್ಟ್ಯೂಕರ್ ಏರ್ಪಡಿಸಿದ ಕಾಫ್ಕಾ ಸಮ್ಮೇಳನದಲ್ಲಿ ಚರ್ಚೆ ಬಿಸಿಯೇರಿದ್ದು ಸಮಾಜವಾದಿ ಸಮಾಜದಲ್ಲಿಯೂ ಪರಕೀಯತೆ ಇರಬಹುದೇ ಎಂಬ ಪ್ರಶ್ನೆಯ ಮೇಲೆ. ಇದೆ ಎಂದು ಮಾರ್ಕ್ಸ್‌ವಾದಿ ಚಿಂತಕರಾದ ಎರ್ನ್‌ಸ್ಟ್ ಫಿಷರ್, ರೋಜೆ ಗರೋದಿ ಮೊದಲಾದವರು ವಾದಿಸಿದರು. ಪೂರ್ವ ಜರ್ಮನಿಯ ಪ್ರತಿನಿಧಿಗಳು ಅದು ಬಂಡವಾಳಶಾಹಿಯ ರೋಗ, ನಮ್ಮಲ್ಲಿಲ್ಲ ಎಂದರು. ತಪ್ಪಿನ ಸಾಧ್ಯತೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಆಡಳಿತವನ್ನು ಕುರಿತ ಕಾದಂಬರಿಯ ಲೇಖಕನ ಮೇಲಿನ ಸಮ್ಮೇಳನದಲ್ಲಿ ಈ ಮಾತು ಕೇಳಿಬಂದದ್ದು ಅವನಿಗೆ ಮತ್ತೊಂದು ನಗುವನ್ನು ತರಿಸುತ್ತಿತ್ತೋ ಏನೋ.

ಹಳ್ಳಿಯ ಹುಡುಗಿ ಅಮಾಲಿಯಾಳ ಕುಟುಂಬದ ಕಥೆ ಪುಸ್ತಕದ ನಡುವೆ ಹಲವು ಅಧ್ಯಾಯಗಳನ್ನು ಆಕ್ರಮಿಸಿಕೊಂಡಿದೆ. ಜುಲೈ 3ರಂದು, ಅಂದರೆ ಕಾಫ್ಕಾನ ಹುಟ್ಟುಹಬ್ಬದ ತಾರೀಖಿನಂದೇ, ನಡೆದ ಅಗ್ನಿಶಾಮಕ ದಳದ ಉತ್ಸವದಲ್ಲಿ ಸೊರ್ಟೀನಿ ಎಂಬ ಅಧಿಕಾರಿ ಅವಳನ್ನು ನೋಡುತ್ತಾನೆ, ಮರುದಿನ ಬೆಳಿಗ್ಗೆ ಅಶ್ಲೀಲ ಭಾಷೆಯಲ್ಲಿ ಕರೆಕಳಿಸುತ್ತಾನೆ, ಅವಳು ಪತ್ರವನ್ನು ಹರಿದು ತಂದವನ ಮುಖಕ್ಕೆ ಎಸೆಯುತ್ತಾಳೆ. ಕೋಟೆಯಿಂದ ಯಾವ ಶಿಕ್ಷೆಯೂ ಬರುವುದಿಲ್ಲ. ಚಮ್ಮಾರನಾದ ಅವಳ ತಂದೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ಬೂಟುಗಳನ್ನು ವಾಪಸು ಒಯ್ಯುತ್ತಾರೆ, ಅಷ್ಟೆ. ಕ್ಷಮೆ ಕೇಳಲು ಕೋಟೆಗೆ ಅಲೆದ ಮುದುಕನಿಗೆ, ನಿನ್ನ ಮೇಲೆ ಆರೋಪವೇ ಇಲ್ಲವಲ್ಲ, ಯಾವುದನ್ನು ಕ್ಷಮಿಸುವುದು ಎಂಬ ಉತ್ತರ ಸಿಗುತ್ತದೆ. ಕ್ಷಮೆಗೆ ಅರ್ಹನಾಗಲು ಅವನು ಮೊದಲು ತನ್ನ ಅಪರಾಧವನ್ನು ಸಾಬೀತುಪಡಿಸಬೇಕು. ಇಡೀ ಕುಟುಂಬ ತಾನಾಗಿ ಹೊರಗೆ ಬಂದು, ಏನೂ ಆಗಿಲ್ಲವೆಂಬಂತೆ ನಡೆದುಕೊಂಡಿದ್ದರೆ ಹಳ್ಳಿಯೂ ಮರೆತುಬಿಡುತ್ತಿತ್ತು ಎಂದು ಅಕ್ಕ ಓಲ್ಗಾ ಹೇಳುವಾಗ, ಆದೇಶವಿಲ್ಲದೆಯೇ ಬಹಿಷ್ಕಾರ ಹೇಗೆ ನಡೆಯುತ್ತದೆ ಎಂಬುದರ ಪೂರ್ಣ ಚಿತ್ರ ಸಿಗುತ್ತದೆ. ಸೊರ್ಡೀನಿ ಮತ್ತು ಸೊರ್ಟೀನಿ ಎಂಬ ಎರಡು ಹೆಸರುಗಳ ನಡುವಿನ ಒಂದಕ್ಷರದ ಅಂತರವನ್ನೂ ಓದುಗರು ಗಮನಿಸಬೇಕು. ಒಬ್ಬ ಕರ್ತವ್ಯದ ಮೂರ್ತಿ, ಇನ್ನೊಬ್ಬ ಲಂಪಟ, ಹಳ್ಳಿಯವರಿಗೆ ಅವರಿಬ್ಬರೂ ಆಗಾಗ ಒಬ್ಬನೇ.

ಆದರೆ ಈ ಭಾಗ ಉದ್ದವಾಯಿತೆಂದು ಹೇಳದಿದ್ದರೆ ವಿಮರ್ಶೆ ಪ್ರಾಮಾಣಿಕವಾಗದು. ಓಲ್ಗಾ ಒಂದು ವಿಷಯವನ್ನು ಹೇಳಿ, ಅದರ ವಿರುದ್ಧದ ಸಾಧ್ಯತೆಯನ್ನು ಹೇಳಿ, ಎರಡನ್ನೂ ಅನುಮಾನಿಸಿ ಮುಂದುವರಿಯುವ ಕ್ರಮ ಮೊದಲ ಐವತ್ತು ಪುಟಗಳಲ್ಲಿ ಬೆರಗು ಹುಟ್ಟಿಸಿದರೆ, ಆಮೇಲೆ ಬರೀ ಸಹನೆಯನ್ನು ಬೇಡುತ್ತದೆ. ಫ್ರೀಡಾಳ ಕೆಲಸಕ್ಕೆ ಬದಲಿಯಾಗಿ ಬಂದ ಪೇಪಿ ಕೊನೆಯಲ್ಲಿ ಆಡುವ ದೀರ್ಘ ಮಾತೂ ಹಾಗೆಯೇ. ಹೆಂಗಸರೆಲ್ಲರ ಬೆಲೆಯೂ ಅವರು ಯಾವ ಅಧಿಕಾರಿಗೆ ಎಷ್ಟು ಹತ್ತಿರವೆಂಬುದರಿಂದಲೇ ನಿರ್ಧಾರವಾಗುವುದು ಆ ಹಳ್ಳಿಯ ರೋಗವೆಂದು ಒಪ್ಪಿದರೂ, ಅಮಾಲಿಯಾಳೊಬ್ಬಳನ್ನು ಬಿಟ್ಟರೆ ಬೇರೆ ಯಾರಿಗೂ ಆ ಅಳತೆಯ ಹೊರಗೆ ಒಂದು ಕ್ಷಣದ ಬದುಕನ್ನು ಕಾಫ್ಕಾ ಕೊಡಲಿಲ್ಲವೆಂಬ ಕೊರತೆ ಉಳಿಯುತ್ತದೆ. ಅವಳಿಗೂ ಕೊಟ್ಟದ್ದು ಮೌನವನ್ನು.

ಅನುವಾದಕ್ಕೆ ಬರೋಣ. ಮ್ಯೂರ್ ದಂಪತಿಗಳ ಮುಂದಿದ್ದದ್ದು ಬ್ರೋಡ್ ಸಂಪಾದಿಸಿ, ಕೊನೆಯ ಭಾಗವನ್ನು ಕತ್ತರಿಸಿದ್ದ ಪಠ್ಯ. ಕೋಟೆಯೆಂದರೆ ದೈವಾನುಗ್ರಹ ಎಂಬ ಬ್ರೋಡ್‌ನ ವ್ಯಾಖ್ಯಾನದ ನೆರಳೂ ಅವರ ಪದಗಳ ಆಯ್ಕೆಯ ಮೇಲೆ ಬಿದ್ದಿದೆ. ಅವರ ಗದ್ಯ ಸೊಗಸಾದುದು, ಬಹುಶಃ ಮೂಲಕ್ಕಿಂತಲೂ ಸೊಗಸಾದುದು, ತೊಂದರೆ ಇರುವುದು ಅಲ್ಲಿಯೇ. ಹಾರ್ಮನ್ ಆಧಾರವಾಗಿ ಇಟ್ಟುಕೊಂಡದ್ದು ಹಸ್ತಪ್ರತಿಯನ್ನು ನೋಡಿ ಮಾಲ್ಕಮ್ ಪಾಸ್ಲಿ 1982ರಲ್ಲಿ ಸಂಪಾದಿಸಿದ ಜರ್ಮನ್ ಆವೃತ್ತಿಯನ್ನು. ಅದರಲ್ಲಿ ವಿರಾಮಚಿಹ್ನೆಗಳು ಕಡಿಮೆ, ಪೂರ್ಣವಿರಾಮ ಬರಬೇಕಾದಲ್ಲಿ ಅಲ್ಪವಿರಾಮ ಬಂದು ವಾಕ್ಯ ಉಸಿರುಗಟ್ಟಿ ಓಡುತ್ತದೆ, ಒಂದು ನಂಬಿಕೆ ಹುಟ್ಟಿ, ತಿದ್ದಿಕೊಂಡು, ಹಿಂದಕ್ಕೆ ಸರಿದು, ಮತ್ತೆ ಮುಂದಕ್ಕೆ ಬಂದು, ಮುಗಿಯುವ ಹೊತ್ತಿಗೆ ಆರಂಭಿಸಿದ ಜಾಗದಲ್ಲೇ ಇರುತ್ತದೆ. ಹಾರ್ಮನ್ ಇದನ್ನು ನಯಮಾಡದೆ ಉಳಿಸಿಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ಇದು ಅಲ್ಲಲ್ಲಿ ತೊಡಕೆನಿಸುತ್ತದೆ, ಮತ್ತು ಅವರ ಆಡುಮಾತಿನ ಕೆಲವು ಪದಗಳು ಹಳೆಯ ಕಚೇರಿಯ ಗತ್ತಿಗೆ ಒಪ್ಪುವುದಿಲ್ಲ. ‘ಬಂದು, ನಿಂತು, ನೋಡಿ, ಕೇಳಿ’ ಎಂದು ಕೃದಂತಗಳ ಸರಪಳಿಯಲ್ಲೇ ಉದ್ದಕ್ಕೂ ಸಾಗಬಲ್ಲ ಕನ್ನಡಕ್ಕೆ ಈ ವಾಕ್ಯಗಳು ಇಂಗ್ಲಿಷಿಗಿಂತ ಸಹಜವಾಗಿ ಒಗ್ಗುತ್ತವೆಂದು ಓದುತ್ತ ಓದುತ್ತ ನನಗೆ ಅನಿಸಿತು. ಜರ್ಮನ್ ಶೀರ್ಷಿಕೆಯ ‘ಶ್ಲೋಸ್’ ಪದಕ್ಕೆ ಕೋಟೆ, ಬೀಗ ಎಂಬ ಎರಡೂ ಅರ್ಥಗಳಿವೆ. ಅದನ್ನು ಮಾತ್ರ ಯಾವ ಅನುವಾದವೂ ಹಿಡಿಯಲಾರದು.

2009ರಲ್ಲಿ ಬಂದ ಆಂಥಿಯಾ ಬೆಲ್ ಅನುವಾದ ಓದಲು ಹೆಚ್ಚು ಸಲೀಸು. ಮೊದಲ ಸಲ ಓದುವವರು ಅದನ್ನು ಆರಿಸಿಕೊಂಡರೆ ತಪ್ಪಲ್ಲ. ನನ್ನ ಆಯ್ಕೆ ಹಾರ್ಮನ್, ಏಕೆಂದರೆ ಈ ಪುಸ್ತಕದಲ್ಲಿ ಸಲೀಸು ಎಂಬುದು ಒಂದು ಬಗೆಯ ತಪ್ಪು ಮಾಹಿತಿ. ಮುಗಿಯದ ಕಾದಂಬರಿ ಎಂಬ ದೂರಿಗೆ ಹೆಚ್ಚು ಹೇಳಬೇಕಾಗಿಲ್ಲ: ಹಾರ್ಮನ್‌ನಲ್ಲಿ ಅದು ವಾಕ್ಯದ ನಡುವೆಯೇ, ಪೂರ್ಣವಿರಾಮವಿಲ್ಲದೆ ನಿಲ್ಲುತ್ತದೆ. ಕಾಫ್ಕಾ ಬ್ರೋಡ್‌ಗೆ ಹೇಳಿದ್ದ ಮುಕ್ತಾಯದಲ್ಲಿ ಕೆ. ದಣಿದು ಸಾಯುತ್ತಿರುವಾಗ ಕೋಟೆಯಿಂದ ಸುದ್ದಿ ಬರುತ್ತದೆ: ಹಳ್ಳಿಯಲ್ಲಿ ವಾಸಿಸುವ ಕಾನೂನುಬದ್ಧ ಹಕ್ಕು ಅವನಿಗಿಲ್ಲ, ಆದರೂ ಕೆಲವು ಇತರ ಸಂದರ್ಭಗಳನ್ನು ಗಮನಿಸಿ ಅಲ್ಲಿ ಬದುಕಲು, ಕೆಲಸ ಮಾಡಲು ಅನುಮತಿ ನೀಡಲಾಗಿದೆ. ಕೊನೆಗೂ ಬರಬೇಕಿದ್ದ ಆ ಉತ್ತರದಲ್ಲಿಯೂ ಇಲ್ಲ ಮತ್ತು ಹೌದು ಒಂದೇ ವಾಕ್ಯದಲ್ಲಿ ಕುಳಿತಿರುವುದನ್ನು ನೋಡಿ.

ಇಡೀ ಪುಸ್ತಕಕ್ಕೆ ಸಮಯವಿಲ್ಲದವರು ಯಾವ ಭಾಗ ಓದಬೇಕೆಂದು ಕೇಳುತ್ತಾರೆ. ಐದನೆಯ ಮತ್ತು ಎಂಟನೆಯ ಅಧ್ಯಾಯಗಳನ್ನು ಬಿಡಿಯಾಗಿ ಓದಬಹುದು. ಬ್ಯುರ್ಗೆಲ್ ಎಂಬ ಅಧಿಕಾರಿಯ ಪ್ರಸಂಗವನ್ನು ಹಾಗೆ ಬಿಡಿಯಾಗಿ ಓದಲಾಗದು. ಎರ್ಲಾಂಗರ್ ಎಂಬ ಅಧಿಕಾರಿ ಕರೆಸಿದ್ದಾನೆಂದು ಬಂದ ಕೆ. ನಡುರಾತ್ರಿ ತಪ್ಪಾಗಿ ಬೇರೊಂದು ಕೋಣೆಯ ಬಾಗಿಲು ತೆರೆಯುತ್ತಾನೆ, ಒಳಗೆ ಹಾಸಿಗೆಯಲ್ಲಿರುವ ಬ್ಯುರ್ಗೆಲ್ ಅವನನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಿಕೊಂಡು, ಆಡಳಿತದ ಏಕೈಕ ದುರ್ಬಲ ಜಾಗವನ್ನು ವಿವರಿಸುತ್ತಾನೆ: ಅರ್ಜಿದಾರನೊಬ್ಬ ರಾತ್ರಿಯ ಹೊತ್ತು, ಮುನ್ಸೂಚನೆಯಿಲ್ಲದೆ, ತನ್ನ ಪ್ರಕರಣಕ್ಕೆ ನೇರವಾಗಿ ಸಂಬಂಧಿಸದ ಅಧಿಕಾರಿಯ ಎದುರು ಬಂದು ನಿಂತರೆ, ಆ ಅಧಿಕಾರಿ ಅವನು ಕೇಳಿದ್ದನ್ನು ನಿರಾಕರಿಸಲಾರ, ಕೇಳಿದರೆ ಸಾಕು. ಕೆ. ಈಗ ಇರುವುದು ಕರಾರುವಾಕ್ಕಾಗಿ ಆ ಸ್ಥಿತಿಯಲ್ಲಿ. ಆದರೆ ಅವನು ನಿದ್ದೆಹೋಗಿದ್ದಾನೆ. ಕನಸಿನಲ್ಲಿ ಗ್ರೀಕ್ ದೇವತೆಯ ಪ್ರತಿಮೆಯಂಥ ಬೆತ್ತಲೆ ಕಾರ್ಯದರ್ಶಿಯೊಬ್ಬನೊಡನೆ ಕುಸ್ತಿಯಾಡಿ ಗೆಲ್ಲುತ್ತಿದ್ದಾನೆ. ಈ ಪುಟಗಳನ್ನು ಮೊದಲೇ ತೆರೆದು ಓದಿದವರಿಗೆ ಇದು ಒಳ್ಳೆಯ ನಗೆಬರಹ. ಅಲ್ಲಿಯವರೆಗಿನ ಹಿಮ, ಓಲ್ಗಾಳ ಮುಗಿಯದ ಮಾತು, ಕೆ.ಗೆ ಸಿಕ್ಕ ಶಾಲೆಯ ಜವಾನಗಿರಿ, ಎಲ್ಲವನ್ನೂ ದಾಟಿ ಬಂದ ಓದುಗರಾದರೋ ಬ್ಯುರ್ಗೆಲ್‌ನ ಉದ್ದದ ವಾಕ್ಯಗಳ ನಡುವೆ ಎಲ್ಲೋ ತಮ್ಮ ಕಣ್ಣೂ ಜೋಲುತ್ತಿರುವುದನ್ನು ಕಂಡುಕೊಂಡು, ಆ ಕೇಳಬೇಕಾದ ಒಂದು ಮಾತು ಯಾವ ಸಾಲಿನಲ್ಲಿ ದಾಟಿಹೋಯಿತೆಂದು ತಿಳಿಯದೆ ಹಿಂದಿನ ಪುಟಕ್ಕೆ ತಿರುಗುತ್ತಾರೆ.